ನಮ್ಮೂರ ಶಾಲೆಯ ಹೆಸರಿನ ಕಲ್ಲು

ನನ್ನ ತವರು ಕಡೂರು. ಜಮಾಬಂದಿಗೆ ಬಂದ ಅಮಲ್ದಾರರ ಕುದುರೆಯನ್ನು ಕಟ್ಟುತ್ತಿದ್ದುದು ನಮ್ಮ ತಾತನ ಅಂಗಳದಲ್ಲಿ. ಮಠದ ಸ್ವಾಮಿಗಳು ಆ ಕಡೆ ದಯಮಾಡಿಸಿದರೆ ಪಾದಪೂಜೆ ನಮ್ಮ ಮನೆಯಲ್ಲೇ. ನಾನು ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಬೆನ್ನು ನೆಟ್ಟಗಿಟ್ಟು ಕೂರುವುದನ್ನೂ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕದಿರುವುದನ್ನೂ ಅಲ್ಲಿ ಕಲಿಸಿದರು. ಮದುವೆಯಾಗಿ ಸೇರಿದ್ದು ಅಜ್ಜಂಪುರದ ಮನೆತನ. ಇಲ್ಲಿಯ ಸರ್ಕಾರಿ ಶಾಲೆ ನಿಂತಿರುವುದು ನನ್ನ ಮಾವನವರು ದಾನ ಕೊಟ್ಟ ಹೊಲದಲ್ಲಿ. ಜಂಬಕ್ಕೆ ಹೇಳುತ್ತಿಲ್ಲ, ಮುಂದಿನದು ಅರ್ಥವಾಗಬೇಕಾದರೆ ಇಷ್ಟು ತಿಳಿದಿರಬೇಕು.

ಎಪ್ಪತ್ತರ ದಶಕದ ಕೊನೆಯಲ್ಲಿ ಆ ಶಾಲೆಯ ಬೆಟರ್‌ಮೆಂಟ್ ಕಮಿಟಿಗೆ ನನ್ನನ್ನೂ ಸೇರಿಸಿಕೊಂಡರು. ನಾಲ್ಕು ಜನ ಒಳ್ಳೆಯ ಕೆಲಸಕ್ಕೆಂದು ಒಂದು ಜಮಖಾನದ ಮೇಲೆ ಕೂತರೆ ನಗೆಪಾಟಲು ತಾನಾಗಿಯೇ ಬಂದು ಐದನೆಯವರಾಗಿ ಕೂರುತ್ತದೆ ಎಂಬುದು ನನಗೆ ಗೊತ್ತಾದದ್ದು ಅಲ್ಲಿ.

೧. ಯಾರಿಗೂ ಬೇಡದ ಗೌರವ

ಮೊದಲ ಸಭೆಯಲ್ಲಿ ಚರ್ಚೆಗಿದ್ದದ್ದು ಸೋರುವ ಸೂರು ಮತ್ತು ಹೆಣ್ಣುಮಕ್ಕಳಿಗೊಂದು ಕಕ್ಕಸು. ಮಾತು ಎರಡರ ಹತ್ತಿರವೂ ಸುಳಿಯಲಿಲ್ಲ. ಶಾಲೆಗೆ ಯಾರ ಹೆಸರಿಡಬೇಕು ಎಂಬಲ್ಲೇ ನಿಂತಿತು. ಕಮಿಟಿಯ ಅಧ್ಯಕ್ಷರು ಕೊಬ್ಬರಿ ಮಂಡಿಯ ಸಾಹುಕಾರರು. ಶಾಲೆಗೆ ಹೆಂಚು ಕೊಡಿಸಿದ್ದು ಅವರ ತಂದೆ.

"ಹೆಂಚಿಲ್ದೆ ಶಾಲೆ ಎಲ್ಲೈತ್ರೀ? ನಮ್ಮಪ್ಪಾರ ಹೆಸ್ರೇ ಆಗ್ಬೇಕು" ಎಂದರು.

"ನೆಲವಿಲ್ಲದಿದ್ದರೆ ಹೆಂಚನ್ನು ಎಲ್ಲಿ ಹೊದಿಸುತ್ತಿದ್ದಿರಿ?" ಎಂದೆ.

"ಅಯ್ಯೋ ಬಿಡಿ ಅಮ್ಮಾವ್ರೇ. ಹುರುಳಿನೂ ಹುಟ್ಟದ ನೆಲ. ಇಟ್ಕೊಂಡ್ ಏನ್ಮಾಡೋದು ಅಂತ ನಿಮ್ಮಾವ ದಾನ ಕೊಟ್ರು ಅಷ್ಟೆ."

ಮಾವನವರು ತೀರಿಕೊಂಡು ವರ್ಷ ತುಂಬಿರಲಿಲ್ಲ. ಆ ಹೊಲದ ಈರುಳ್ಳಿ ಗಾಡಿಗಟ್ಟಲೆ ತರೀಕೆರೆಗೆ ಹೋದದ್ದನ್ನು ಹೊಸ ಸೊಸೆಯಾಗಿ ನಾನು ಕಣ್ಣಾರೆ ಕಂಡವಳು. "ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ" ಎಂದೆ. ಸಾಹುಕಾರರು ಎಲೆಗೆ ಸುಣ್ಣ ಹಚ್ಚುತ್ತಾ ಕೂತರು. ಹೆಡ್‌ಮಾಸ್ತರರು ಬೆವರು ಒರೆಸಿಕೊಂಡು, "ಇಬ್ರು ಹೇಳೋದೂ ಸರಿ, ಇಬ್ರು ಹೇಳೋದೂ ಸರಿ" ಎಂದರು.

"ಸರಿ. ಮೊದಲು ಕಕ್ಕಸು ಕಟ್ಟಿಸೋಣ. ಅದರ ಬಾಗಿಲ ಮೇಲೂ ಒಂದು ಹೆಸರು ಬರೆಸೋಣ. ಯಾರ ತಂದೆಯವರದು ಬರೆಸಲಿ?" ಎಂದು ಕೇಳಿದೆ.

ಮಧ್ಯಾಹ್ನವಿಡೀ ತಂದೆಯರ ಹೆಸರೆತ್ತಿ ಗಂಟಲು ಹರಿದುಕೊಂಡ ಆ ಸಭೆಯಲ್ಲಿ ಆ ಗಳಿಗೆ ಒಬ್ಬರಿಗೂ ತಂದೆಯೇ ಇರಲಿಲ್ಲ.

೨. ಕರಿಹಲಗೆ

ಸಾಹುಕಾರರು ಸುಮ್ಮನಿರುವ ಆಸಾಮಿಯಲ್ಲ. ಹೆಸರು ಇತ್ಯರ್ಥವಾಗುವ ಮುಂಚೆಯೇ ಒಂದನೇ ತರಗತಿಗೆ ಅವರಿಂದ ಹೊಸ ಕರಿಹಲಗೆ ಬಂತು. ಕೊಟ್ಟ ವಸ್ತುವಿನ ಮೇಲೆ ದಾನಿಯ ಹೆಸರು ಬರೆಸುವುದು ನಮ್ಮ ಕಡೆ ರೂಢಿಯೇ. ಇವರು ಮಾತ್ರ ಬಿಳಿ ಪೇಂಟಿನಲ್ಲಿ ಮುತ್ತಾತನಿಂದ ಹಿಡಿದು, ತಾತ, ತಂದೆ, ತಾವು, ತಮ್ಮ ಮಂಡಿ, ಎಲ್ಲವನ್ನೂ ಬರೆಸಿದ್ದರು. ಟೀಚರಿಗೆ ಉಳಿದದ್ದು ಅಂಗೈಯಗಲದ ಒಂದು ಮೂಲೆ.

ತರೀಕೆರೆಯಿಂದ ಶಾಲಾ ಇನ್ಸ್‌ಪೆಕ್ಟರು ಬಂದರು. ನಾವೆಲ್ಲ ಬಾಗಿಲಲ್ಲಿ ನಿಂತೆವು. ಅವರ ವರದಿ ಚೆನ್ನಾಗಿದ್ದರೆ ಸರ್ಕಾರದಿಂದ ಸೂರು ರಿಪೇರಿಯಾಗುವುದಿತ್ತು.

"ಬೋರ್ಡ್ ಮೇಲಿರೋದನ್ನ ಓದಿ ನೋಡೋಣ" ಎಂದರು.

ಮಕ್ಕಳು ಕೈಕಟ್ಟಿ, ಒಂದೇ ರಾಗದಲ್ಲಿ ಮುತ್ತಾತನಿಂದ ಶುರು ಮಾಡಿ 'ಕೊಬ್ಬರಿಯ ಸಗಟು ವ್ಯಾಪಾರಸ್ಥರು' ಎಂಬಲ್ಲಿಗೆ ಮುಗಿಸಿದವು. ಇನ್ಸ್‌ಪೆಕ್ಟರು ಬೆರಗಾದರು. "ಭೇಷ್! ಒಂದನೇ ಕ್ಲಾಸಿಗೇ ಒತ್ತಕ್ಷರ! ಎಲ್ಲಿ, ಈಗ 'ಅ' ಯಾವುದು ತೋರ್ಸಿ."

ಮಕ್ಕಳೆಲ್ಲ ಟೀಚರ ಮುಖ ನೋಡಿದವು.

ಬಾಗಿಲಿಂದ ಸಾಹುಕಾರರು ಕೂಗಿದರು: "ಅದುನ್ನೂ ಬರೆಸ್ಬಿಡ್ತೀನಿ ಸಾ, ನಮ್ಮೆಸ್ರಿನ ಕೆಳಗೆ ಒಸಿ ಜಾಗ ಐತೆ!"

೩. ಮುಸುಕು ತೆಗೆದ ಮೇಲೆ

ಹೇಗೋ ಸೂರು ರಿಪೇರಿಯಾಯಿತು. ಕಕ್ಕಸನ್ನು ನಾನೇ ನಿಂತು ಕಟ್ಟಿಸಿದೆ. ಅದರ ಮೇಲೆ ಯಾರ ಹೆಸರೂ ಇಲ್ಲ. ಜಿಲ್ಲೆಯಿಂದ ದೊಡ್ಡ ಅಧಿಕಾರಿಯೊಬ್ಬರು ಬಂದು ಶಾಲೆಯ ಹೆಸರಿನ ಕಲ್ಲನ್ನು ಅನಾವರಣ ಮಾಡುವುದೆಂದು ಗೊತ್ತಾಯಿತು. ಗೇಟಿನ ಪಕ್ಕ, ಶಾಲೆಯ ಹೆಂಚಿನ ಸೂರಿನ ನೆರಳು ಬೀಳುವಲ್ಲಿ, ನುಣ್ಣಗೆ ಕೆತ್ತಿದ ಕಪ್ಪು ಕಲ್ಲು ನೆಟ್ಟರು. ಹೆಸರು ಮಾತ್ರ ಬಗೆಹರಿಯಲಿಲ್ಲ. ನಾನೂ ಜಗ್ಗಲಿಲ್ಲ, ಅವರೂ ಜಗ್ಗಲಿಲ್ಲ. ಆ ದಿನ ಬೆಳಿಗ್ಗೆ ಹೆಡ್‌ಮಾಸ್ತರರು, "ಸದ್ಯಕ್ಕೆ ಮುಸುಕು ಹಾಕ್ಬಿಡೋಣ, ತೆಗೆಯೋ ಹೊತ್ತಿಗೆ ಏನಾದ್ರೂ ಆಗುತ್ತೆ" ಎಂದರು.

ಏನೂ ಆಗಲಿಲ್ಲ. ಊರೆಲ್ಲ ನೆರೆದಿತ್ತು. ಅಧಿಕಾರಿ ಹಸಿರು ಬಟ್ಟೆ ಎಳೆದರು. ಬೋಳು ಕಲ್ಲು.

ಚಪ್ಪಾಳೆಗೆಂದು ಎತ್ತಿದ ಕೈಗಳು ಹಾಗೇ ನಿಂತವು. ಅಧಿಕಾರಿ ಹೆಡ್‌ಮಾಸ್ತರರನ್ನು ನೋಡಿದರು, ಹೆಡ್‌ಮಾಸ್ತರರು ಆಕಾಶ ನೋಡಿದರು. ಆಗ ಪೂಜೆಗೆಂದು ಕರೆಸಿದ್ದ ಅಯ್ಯನೋರು, ತಮ್ಮ ಸರದಿ ಬಂತೆಂದುಕೊಂಡು ಮುಂದೆ ಬಂದು, ಕಲ್ಲಿಗೆ ಮೂರೆಳೆ ವಿಭೂತಿ ಬಳಿದು, ಬಿಲ್ವಪತ್ರೆ ಏರಿಸಿ, ಕರ್ಪೂರ ಹಚ್ಚಿಬಿಟ್ಟರು. ಅಧಿಕಾರಿ ತಟ್ಟನೆ ಬೂಟು ಬಿಚ್ಚಿದರು. ಊರು ಕೈಮುಗಿಯಿತು.

ಮುಂದಿನ ಸೋಮವಾರ ಹೆಂಗಸರು ಹೂ ತಂದರು. ಕಡೂರು ಬಸ್ಸಿನ ಡ್ರೈವರು ಗೇಟಿನ ಬಳಿ ನಿಧಾನ ಮಾಡಿ ಕೈಮುಗಿಯತೊಡಗಿದ. ಪರೀಕ್ಷೆಯ ಹೊತ್ತಿಗೆ ಆಟದ ಬಯಲ ತುಂಬ ತೆಂಗಿನ ಚಿಪ್ಪು. ಆಮೇಲೆ ಕಮಿಟಿಯ ಬಹುಮತ ನನ್ನ ಮಾವನವರ ಹೆಸರಿಗೇ ಬಂತು. ಕಲ್ಲುಕುಟಿಗನನ್ನು ಕರೆಸಿದೆ. ಅವನು ಉಳಿಯನ್ನು ಚೀಲಕ್ಕೆ ಹಾಕಿಕೊಂಡು, "ದ್ಯಾವ್ರ ಮೈಮ್ಯಾಲೆ ಉಳಿ ಇಕ್ಕಾಕಿಲ್ಲ ಕಣ್ರವ್ವ" ಎಂದು ಹೊರಟೇಹೋದ.

ಈಗ ಸೋಮವಾರದ ಮೊದಲ ಕಾಯಿ ಸಾಹುಕಾರರದು. ಅಂಗಿ ಬಿಚ್ಚಿ, ಉದ್ದಕ್ಕೆ ಮಲಗಿ, ಹಣೆಯನ್ನು ನೆಲಕ್ಕೆ ತಾಗಿಸುತ್ತಾರೆ. ಒಮ್ಮೆ ಅವರು ಏಳುವವರೆಗೆ ಕಾದು ಕೇಳಿದೆ: "ಏನು ಸಾಹುಕಾರರೇ, ಹುರುಳಿ ಹುಟ್ಟದ ನೆಲದಲ್ಲಿ ದೇವರು ಹುಟ್ಟಿತೇ?"

ಹಣೆಯ ಮಣ್ಣು ಒರೆಸದೆಯೇ ಅಂದರು: "ಹುಟ್ಟಿದ್ದೇನೋ ನಿಮ್ಮ ನೆಲ್ದಾಗೇ ಅಮ್ಮಾವ್ರೇ. ಆದ್ರೆ ನೆಳ್ಳು ನಮ್ಮ ಹೆಂಚಿಂದು ನೋಡಿ!"

ಸುತ್ತ ನಿಂತವರೆಲ್ಲ ನಕ್ಕರು. ನನಗೂ ನಗು ಬಂತು, ಇಲ್ಲವೆನ್ನುವುದಿಲ್ಲ. ಆದರೆ ತೀರಿಕೊಂಡವರ ದಾನದ ಬಗ್ಗೆ ಆಡಿದ ಮಾತು ಆಡಿದಲ್ಲೇ ಇದೆ. ಕಲ್ಲಿಗೆ ಅಡ್ಡಬಿದ್ದರೆ ಅದು ತೀರುವುದಿಲ್ಲ. ಅದೇ ಜಮಖಾನದ ಮೇಲೆ, ಅದೇ ಜನರೆದುರು, ಸಾಹುಕಾರರು ಬಾಯಿಬಿಟ್ಟು ಕ್ಷಮೆ ಕೇಳಬೇಕು.