ಒಂದು ಅನ್ನ ಬೇಯುವ ದೂರ

"ಹೊರಡಿ ಮಾರಾಯ್ರೆ. ನೀವು ಹೋಗದೆ ವಿಮಾನ ಏಳ್ಲಿಕ್ಕುಂಟಾ?"

ಹೆಂಡತಿ ನನಗೆ ಹೇಳಿದ ಕೊನೇ ಮಾತು. ಜ್ವರದಲ್ಲಿ ಮಲಗಿಕೊಂಡೇ ಹೇಳಿದಳು. ಹೋದೆ. ಮಧ್ಯಾಹ್ನ ಬಂದರೆ ಅವಳಿಲ್ಲ. ಕತ್ತಲಾಗುವುದರೊಳಗೆ ಎಲ್ಲ ಮುಗಿಯಿತು.

ಕೊಚ್ಚಿಯ ವಿಮಾನ ನಿಲ್ದಾಣದಲ್ಲಿ ನನ್ನ ಕೆಲಸ ಏಣಿ ದೂಡುವುದು, ಚಕ್ರಕ್ಕೆ ಮರದ ತುಂಡು ಕೊಡುವುದು, ತೆಗೆಯುವುದು. ತುಂಡು ತೆಗೆಯದೆ ವಿಮಾನ ಹೋಗುವುದಿಲ್ಲ, ಅದು ನಿಜ. ಅಷ್ಟನ್ನೇ ಹಿಡಿದು ಅವಳು ನಿಲ್ದಾಣದ ಹತ್ತಿರವೇ ಇದ್ದ ಮಟ್ಟಾಂಚೇರಿಯ ನಮ್ಮ ಗಲ್ಲಿಗೆಲ್ಲ ಹೇಳಿದ್ದಳು. ಎಪ್ಪತ್ತನೇ ಇಸವಿಯ ಆಚೀಚೆಯ ಮಾತು. ನಗುವಂಥದ್ದು ಏನಾದರೂ ಆಗುತ್ತಲೇ ಇತ್ತು. ಅರ್ಧ ನಮ್ಮ ಮನೆಯಲ್ಲೇ.

ದೂರ

ಪಕ್ಕದ ಮನೆಯ ಮಲಯಾಳಿ ಹೆಂಗಸನ್ನು ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದೆವು. ಅವಳಿಗೆ ನಾನು ಚೇಟ್ಟ, ಅಂದರೆ ಅಣ್ಣ. ಒಮ್ಮೆ ಕೇಳಿದಳು, "ವಿಮಾನದಲ್ಲಿ ತಿರುವನಂತಪುರ ಎಷ್ಟು ದೂರ?"

ನನಗೆ ಮೈಲಿ ಗೊತ್ತಿಲ್ಲ. ಮುಕ್ಕಾಲು ಗಂಟೆ ಅಂದೆ. ಚೇಚಿಯ ಮನೆಯಲ್ಲಿ ಗಡಿಯಾರ ಇಲ್ಲ. ನನ್ನವಳು ಬಿಡಿಸಿ ಹೇಳಿದಳು: "ಇಲ್ಲಿ ಕುಚ್ಚಲಕ್ಕಿ ಒಲೆಗಿಟ್ಟು ವಿಮಾನ ಹತ್ತಿದರೆ, ಬೇಯುವಾಗ ಅಲ್ಲಿ."

"ಬಸ್ಸಿನಲ್ಲಿ?"

"ಬೆಂದು, ಹಳಸಿ, ನಾಯಿಗೆ ಹಾಕಿ ಆಗ್ತದೆ."

ಬಿಸಿ

ಕೆಲವು ತಿಂಗಳು ನನ್ನನ್ನು ತಿರುವನಂತಪುರಕ್ಕೆ ಹಾಕಿದ್ದರು. ಒಂದು ದಿನ ಕೊಚ್ಚಿಯಿಂದ ಬಂದವರೆಲ್ಲ ಇಳಿದರು, ಒಬ್ಬರು ಇಳಿಯಲಿಲ್ಲ. ಅಲ್ಲಿನ ಚಾಲೈ ಪೇಟೆಗೆ ಹೊರಟ ಮೆಣಸಿನ ವ್ಯಾಪಾರಿ. ನಾನು ಏಣಿ ಹತ್ತಿ ಹೋದೆ. ಮಡಿಲಲ್ಲಿ ಬುತ್ತಿಯ ಎಲೆ ಬಿಚ್ಚಿ ಕೂತಿದ್ದಾರೆ.

"ಇಳಿಯಿರಿ."

"ಕಾಪಿಗೆ ನಿಲ್ಲಿಸಿದ್ದಾ?"

"ತಿರುವನಂತಪುರ ಬಂತು."

"ಸುಳ್ಳು ಹೇಳ್ಬೇಡ. ಅನ್ನ ಇನ್ನೂ ಬಿಸಿ ಉಂಟು!"

ಎಲೆ ಬಿಟ್ಟು ಏಳಬಾರದೆಂದು ಉಂಡೇ ಇಳಿದರು. ನಾನು ಏಣಿ ಹಿಡಿದು ನಿಂತೆ. ರಜೆಯಲ್ಲಿ ಮನೆಗೆ ಬಂದು ಹೇಳಿದರೆ ನನ್ನವಳು, "ನೋಡಿ, ನನ್ನ ಲೆಕ್ಕ ಸರಿ" ಅಂದಳು.

ಪ್ರಯಾಣ

ಅವಳಿಗೂ ಒಮ್ಮೆ ವಿಮಾನದಲ್ಲಿ ತಿರುವನಂತಪುರಕ್ಕೆ ಹೋಗಬೇಕೆಂದಿತ್ತು. ನಾನು ಕೊಚ್ಚಿಗೆ ಮರಳಿದ ಮೇಲೆ ಸಾಹೇಬರನ್ನು ಕೇಳಿ ಸೀಟು ಮಾಡಿಸಿದೆ. ಮದುವೆ ಸೀರೆ ಉಟ್ಟಳು. ಚೇಚಿಗೆ ಹೇಳಿದಳು, "ಎಂಜಿನ್ನಿನ ಸದ್ದು ಕೇಳಿದ ಕೂಡಲೇ ಅಕ್ಕಿ ಹಾಕು. ಬೆಂದರೆ ನಾನು ತಲುಪಿದೆ ಅಂತ ಲೆಕ್ಕ."

ಎಂಜಿನ್ ಗುಡುಗಿತು. ನಿಂತಿತು. ಗಾಳಿಮಳೆ, ಇವತ್ತು ಇಲ್ಲ ಎಂದರು. ಇಬ್ಬರೂ ಮನೆಗೆ ಬಂದೆವು. ಚೇಚಿ ಆಗಷ್ಟೇ ಅನ್ನ ಬಸಿದು, ಬಾಗಿಲಿಗೆ ಬಂದು ಗಲ್ಲಿಗೆಲ್ಲ ಕೂಗುತ್ತಿದ್ದಳು, "ತಲುಪಿದಳು!" ತಿರುಗಿದರೆ ನನ್ನವಳು ಎದುರಿಗೆ.

"ದೇವರೇ! ಹೋಗಿ ಬಂದೂ ಆಯ್ತಾ?"

ಜನ ಸೇರಿದರು. ಊರು ಹೇಗುಂಟು ಎಂದು ಕೇಳಿದರು. ನನ್ನವಳು ಒದ್ದೆ ಸೆರಗು ಸರಿಮಾಡಿಕೊಂಡಳು.

"ಅಲ್ಲೂ ಮಳೆ."

ಇನ್ನೊಂದು ಸೀಟು ಸಿಗುವ ಮೊದಲೇ ಜ್ವರ ಬಂತು.

ಅವಳು ಹೋದ ಮರುದಿನ ಬೆಳಿಗ್ಗೆ, ಸೂತಕ, ನಮ್ಮ ಒಲೆ ಹಚ್ಚುವಂತಿರಲಿಲ್ಲ. ಚೇಚಿ ತನ್ನ ಮನೆಯಲ್ಲಿ ನನಗೆ ಅಕ್ಕಿ ಹಾಕಿದಳು. ಅದೇ ಹೊತ್ತಿಗೆ ವಿಮಾನ ಎದ್ದು ತಲೆಯ ಮೇಲೆ ಹೋಯಿತು. ನಾನು ಹೋಗದೆ. ಚೇಚಿ ಮೇಲೆ ನೋಡಿದಳು. ನನ್ನನ್ನು ನೋಡಿದಳು. ನಾನು ಹೋಗಿ ಅವಳ ಒಲೆಯ ಮುಂದೆ ಕೂತೆ.

ಬಹಳ ಹೊತ್ತಾದ ಮೇಲೆ ಅವಳು ಅಗುಳು ಹಿಸುಕಿದಳು. "ಬೆಂದಾಯ್ತು, ಚೇಟ್ಟಾ."

ನಾನು ಎದ್ದು ಬಾಗಿಲಿಗೆ ಬಂದೆ. ಗಲ್ಲಿಗೆಲ್ಲ ಕೇಳುವ ಹಾಗೆ ಹೇಳಿದೆ:

"ತಲುಪಿದಳು."