ಹಿಂಗಿನ ಡಬ್ಬಿಯಲ್ಲಿದ್ದ ಹಳದಿ

ಮನುಷ್ಯನಿಗೆ ಒಂದಾದರೂ ಜಿಪುಣತನ ಇರುತ್ತದೆ. ಕೆಲವರು ಬೆಲ್ಲ ಬಚ್ಚಿಡುತ್ತಾರೆ, ಕೆಲವರು ಒಳ್ಳೆಯ ಮಾತನ್ನೇ ಬಚ್ಚಿಡುತ್ತಾರೆ. ಗಡಿ ಊರಾದ ಜತ್ತದ ಕನ್ನಡ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುವ ನಾನು ಬಚ್ಚಿಟ್ಟದ್ದು ಹಳದಿ ಬಣ್ಣವನ್ನು. ಅಂಗಡಿಯ ಟ್ಯೂಬಿನ ಹಳದಿಯಲ್ಲ, ಅಪ್ಪಟ ರೇವಲ್‌ಚಿನ್ನಿ. ದೂರದ ಕಾಡುಗಳ ಒಂದು ಮರದ ತೊಗಟೆ ಕೆತ್ತಿದರೆ ಹಾಲಿನಂತೆ ಒಸರಿ ಗಟ್ಟಿಯಾಗುವ ಅಂಟು ಅದು. ನಮ್ಮ ಕಡೆಯ ಜಾಲಿಯನ್ನು ಎಷ್ಟು ಕೆತ್ತಿದರೂ ಅಂಥದ್ದು ಬರುವುದಿಲ್ಲ. ನಾನು ಕೆತ್ತಿ ನೋಡಿದ್ದೇನೆ.

ವಿಜಯಪುರದಲ್ಲಿ ನನಗೆ ಚಿತ್ರ ಕಲಿಸಿದ ಗುರುಗಳು ಕಣ್ಣು ಮಂಜಾದ ಮೇಲೆ ತಮ್ಮ ಪೆಟ್ಟಿಗೆಯಿಂದ ಅಡಿಕೆ ಗಾತ್ರದ ಉಂಡೆಯೊಂದನ್ನು ತೆಗೆದು ನನ್ನ ಅಂಗೈಗಿಟ್ಟಿದ್ದರು. ಒಣಗಿದ್ದಾಗ ಮಣ್ಣಿನ ಹೆಂಟೆಯಂತೆ ಕಾಣುವ ಅದು ಒದ್ದೆ ಕುಂಚ ತಾಗಿದರೆ ಸಾಕು, ಕುಸುಬೆ ಹೂವಿನಂತೆ ಹಳದಿಯಾಗಿ ಉರಿಯುತ್ತದೆ. "ಕುಂಚಾ ಬಾಯಾಗ ಇಟ್ಕೋಬ್ಯಾಡ ಮತ್ತ. ಇಟ್ಕೊಂಡ್ರ ದಿನಾಪೂರ್ತಿ ನೀರಿನ ಚರಗಿ ಹಿಡಕೊಂಡು ಓಡಾಡಬೇಕಾಗ್ತದ" ಎಂದು ನಕ್ಕಿದ್ದರು. ವಿಷದಂಥ ಭೇದಿ ವಸ್ತು ಎಂಬುದನ್ನು ಅವರು ತಮ್ಮ ಧಾಟಿಯಲ್ಲಿ ಹೇಳಿದ್ದು ಹಾಗೆ.

ಮಳೆಗಾಲದ ತೇವ ತಾಗಬಾರದೆಂದು ಬಿಗಿ ಮುಚ್ಚಳದ ಡಬ್ಬಿ ಹುಡುಕಿದೆ. ಹಿಂಗಿನ ಖಾಲಿ ಡಬ್ಬಿ ಸಿಕ್ಕಿತು. ತೊಳೆದು, ಒಣಗಿಸಿ, ಉಂಡೆಯನ್ನು ಪುಡಿ ಮಾಡಿ ತುಂಬಿ, ಬಣ್ಣದ ಪೆಟ್ಟಿಗೆಯಲ್ಲಿಟ್ಟೆ. ಡಬ್ಬಿಯ ಮೇಲಿನ ಚೀಟಿಯನ್ನು ಕೀಳಬಹುದಿತ್ತು. ಕೀಳಲಿಲ್ಲ. ಹಿಂಗು ಎಂದು ತಿಳಿದರೆ ಕಳ್ಳನೂ ಮುಟ್ಟುವುದಿಲ್ಲ ಎಂದು ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಹೆಂಡತಿ ಮಹಾದೇವಿಗೂ ಹೇಳಲಿಲ್ಲ.

ಒಂದು ಅಮಾವಾಸ್ಯೆಯ ದಿನ ಅವಳ ತಮ್ಮ ಈರಣ್ಣ ಗುಡ್ಡಾಪುರದ ದೇವಿಯ ದರ್ಶನಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆಗೆ ಬಂದ. ಕುಣಿಕೋಣೂರಿನಲ್ಲಿ ಅವನು ದರ್ಜಿ. ದಿನವಿಡೀ ಮಷೀನಿನ ಮುಂದೆ ಕೂತು ಕೂತು ಅವನ ಹೊಟ್ಟೆ ಮುಷ್ಕರ ಹೂಡಿ ವರ್ಷಗಳಾಗಿದ್ದವು. ಯಾರು ಕುಶಲ ಕೇಳಿದರೂ ಹೊಟ್ಟೆಯ ಕುಶಲವನ್ನೇ ಹೇಳುತ್ತಿದ್ದ. "ನಾಕ್ ದಿನಾ ಆತ್ರಿ ಮಾಮಾ, ಕಲ್ಲು ಕುಂತಂಗ ಕುಂತದ" ಎಂದು ನನಗೂ ವರದಿ ಒಪ್ಪಿಸಿದ.

ಊಟಕ್ಕೆ ಕುಳಿತೆವು. ರೊಟ್ಟಿ, ಬದನೆಕಾಯಿ ಪಲ್ಯ, ಬೇಳೆ. ನಾನು ಕೈ ತೊಳೆದು ಬರುವಷ್ಟರಲ್ಲಿ ಈರಣ್ಣ ಒಂದು ಬಟ್ಟಲು ಬೇಳೆಯನ್ನು ಕುಡಿದೇ ಬಿಟ್ಟಿದ್ದ. ಮಹಾದೇವಿ ನನ್ನ ತಾಟಿಗೆ ಬಡಿಸಿದಳು. ಅಬ್ಬಾ, ಎಂಥ ಹಳದಿ! ಕಾಗದದ ಮೇಲೆ ನನಗೆ ಒಮ್ಮೆಯೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಒಂದು ಕ್ಷಣ ಮೈಮರೆತು ನೋಡಿದೆ. ಮರುಕ್ಷಣ ಹಿಂಗಿನ ಡಬ್ಬಿ ನೆನಪಾಯಿತು.

"ಯಾರೂ ಉಣಬ್ಯಾಡ್ರಿ!" ಎಂದು ಕೂಗಿದೆ.

ಮಹಾದೇವಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ನನ್ನ ತಮ್ಮನ ಮುಂದ ನನ್ನ ಅಡಗಿಗೆ ಹೆಸರು ಇಡ್ತೀರೇನು?"

"ಹಿಂಗು ಎಲ್ಲಿಂದ ತಗದಿ?"

"ಹಿಂಗು ತೀರಿತ್ತು, ಹುಡುಕಿದ್ರ ನಿಮ್ಮ ಬಣ್ಣದ ಪೆಟಗ್ಯಾಗ ಇತ್ತು. ಅಡಗೀ ಮನಿ ಡಬ್ಬಿ ಒಯ್ದು ಅಲ್ಲಿ ಯಾಕ ಮುಚ್ಚಿಟ್ರಿ ಅಂತ ನಾನಽ ಕೇಳೋಳಿದ್ದೆ. ಸುಡ್ಲಿ, ಅದಕ್ಕ ವಾಸನೀನೂ ಇಲ್ಲ. ಅದಕ್ಕಽ ಇನ್ನೊಂದು ಚಿಟಿಕಿ ಜಾಸ್ತಿ ಹಾಕೀನಿ."

ನಾನು ಎಲ್ಲವನ್ನೂ ಒಪ್ಪಿಕೊಂಡೆ. ಈರಣ್ಣ ಅಕ್ಕನ ಮುಖ, ನನ್ನ ಮುಖ, ಖಾಲಿ ಬಟ್ಟಲು ಮೂರನ್ನೂ ಸರದಿಯಂತೆ ನೋಡಿದ. "ಅಂದ್ರ ನಾ ಬಣ್ಣಾ ಕುಡದೀನೇನ್ರಿ ಮಾಮಾ?" ಎಂದ. ಉತ್ತರ ಅವನ ಹೊಟ್ಟೆಯಿಂದಲೇ ಗುಡುಗಿ ಬಂತು. ಚರಗಿ ಹುಡುಕುವಷ್ಟೂ ವ್ಯವಧಾನವಿಲ್ಲದೆ ಹಿತ್ತಲಿಗೆ ಓಡಿದ.

ಆಗ ನನಗೆ ನಗು ಬರಲಿಲ್ಲ. ಓಣಿಯ ಡಾಕ್ಟರಮ್ಮನನ್ನು ಕರೆತಂದೆ. ಅವರು ಡಬ್ಬಿ ನೋಡಿದರು, ನಾಡಿ ನೋಡಿದರು, ಕೊನೆಗೆ ನನ್ನನ್ನೂ ಒಮ್ಮೆ ನೋಡಿದರು. "ಪ್ರಮಾಣ ಸಣ್ಣದದ, ಬಚಾವ್ ಆಗ್ಯಾರ. ಉಪ್ಪು, ಸಕ್ಕರಿ ನೀರು ಕುಡಸ್ತಾ ಇರ್ರಿ. ಸುಸ್ತು ಹೆಚ್ಚಾದ್ರ ಲಗೂನ ಕರ್ಕೊಂಡ್ ಬರ್ರಿ" ಎಂದರು. ಸಂಜೆಯವರೆಗೆ ನೀರು ಕದಡುವುದು ನಾನು, ಕುಡಿಸುವುದು ಮಹಾದೇವಿ, ಓಡುವುದು ಈರಣ್ಣ. ಖಾಲಿ ಲೋಟವನ್ನು ಅವಳು ನನ್ನ ಮುಂದೆ ಕುಕ್ಕಿ ಕುಕ್ಕಿ ಇಡುತ್ತಿದ್ದಳು.

ದೀಪ ಹಚ್ಚುವ ಹೊತ್ತಿಗೆ ಈರಣ್ಣ ಹಾಸಿಗೆಯಲ್ಲಿ ಎದ್ದು ಕುಳಿತ. ಹಿಂಡಿದ ಬಟ್ಟೆಯಂತಾಗಿದ್ದ, ಮುಖದಲ್ಲಿ ಮಾತ್ರ ನಾನೆಂದೂ ಕಾಣದ ಶಾಂತಿ. "ಮಾಮಾ, ಭಾಳ ಹಗರ ಆತ್ರಿ. ಹತ್ತಿ ಆದಂಗ ಆಗೈತಿ. ಒಂಚೂರು ಕಟ್ಟಿ ಕೊಡ್ರಲ್ಲಾ" ಎಂದ. ಮಹಾದೇವಿಗೆ ತಡೆಯಲಾಗದೆ ನಗು ಬಂತು. ಅವಳು ನಕ್ಕ ಮೇಲೆ ನನಗೂ ನಗುವ ಧೈರ್ಯ ಬಂತು. ಕಟ್ಟಿ ಮಾತ್ರ ಕೊಡಲಿಲ್ಲ. ಮರುದಿನ ಅವನು ನಡೆದುಕೊಂಡೇ ಹೋಗಿ ಗುಡ್ಡಾಪುರದ ಜೀಪು ಹತ್ತಿದ.

ಕುಣಿಕೋಣೂರಿನಲ್ಲಿ ಬಟ್ಟೆ ಹೊಲಿಸಲು ಬಂದವರಿಗೆಲ್ಲ ಅವನು ಈ ಕಥೆ ಹೇಳಿದ್ದಾನೆ. ಈಗ ಭಾನುವಾರಕ್ಕೊಬ್ಬರಾದರೂ ಆ ಪುಡಿ ಕೇಳಿಕೊಂಡು ನಮ್ಮ ಬಾಗಿಲಿಗೆ ಬರುತ್ತಾರೆ. ಅದು ಔಷಧವಲ್ಲ, ವಿಷ ಎಂದು ತಿಳಿಹೇಳಿ, ಚಹಾ ಕೊಟ್ಟು, ಡಾಕ್ಟರಮ್ಮನ ಮನೆ ತೋರಿಸುತ್ತೇನೆ. ಚಹಾ ಆರುವವರೆಗೆ ಅವರು ಗೋಡೆಯ ಮೇಲಿನ ನನ್ನ ಚಿತ್ರಗಳನ್ನು ನೋಡುತ್ತಾರೆ. ನೋಡಲೆಂದೇ ಬಂದವರು ಅಷ್ಟು ಹೊತ್ತು ನೋಡಿದ್ದಿಲ್ಲ. ಮೊನ್ನೆ ತಲೆಗೆ ಪಟಕ ಸುತ್ತಿದ ಹಿರಿಯರೊಬ್ಬರು ಕಟ್ಟೆಯ ಕೆಳಗೆ ನಿಂತು, "ಹೊಟ್ಟಿ ಮಾಸ್ತರ ಮನಿ ಇದೇ ಏನ್ರಿ?" ಎಂದು ಕೇಳಿದರು. ನಾನು ಗೋಡೆಯ ಮೇಲಿನ ಚಿತ್ರಗಳ ಕಡೆ ಒಮ್ಮೆ ತಿರುಗಿ ನೋಡಿದೆ.

"ಹೌದ್ರಿ," ಎಂದೆ. "ಬರ್ರಿ, ಒಳಗ ಕುಂದ್ರಿ."