ಬ್ಯಾಡಗಿಗೆ ಬಂದ ಬಿಳಿ ಗಡ್ಡ

ಊರಿಗೆಲ್ಲ ಒಂದು ಚಿಂತೆಯಾದರೆ ಚನ್ನೇಶನದೇ ಇನ್ನೊಂದು. ಬ್ಯಾಡಗಿಯ ಚಿಂತೆ ಮೆಣಸಿನಕಾಯಿ ದರದ್ದು. ಅದು ಏರುತ್ತದೆ, ಇಳಿಯುತ್ತದೆ, ಒಂದಿಲ್ಲೊಂದು ದಿನ ದಾರಿಗೆ ಬರುತ್ತದೆ. ಚನ್ನೇಶನ ಚಿಂತೆಗೆ ಎರಡೂವರೆ ವರ್ಷ ವಯಸ್ಸು, ತಲೆಯ ಮೇಲೆ ಎರಡು ಜುಟ್ಟು, ದಾರಿಗೆ ಬರುವ ಲಕ್ಷಣ ಎಲ್ಲೂ ಇಲ್ಲ. ಹೆಸರು ಕಾವ್ಯಾ. ಹೆತ್ತ ಮಗಳು ಅಪ್ಪನ ಹತ್ತಿರ ಬರುತ್ತಿರಲಿಲ್ಲ.

ಹಾಲಿನವನ ಹತ್ತಿರ ಹೋಗುತ್ತಿದ್ದಳು. ಕರೆಂಟ್ ಮೀಟರ್ ನೋಡಲು ಬಂದವನ ಹೆಗಲೇರುತ್ತಿದ್ದಳು. ಪಕ್ಕದ ಮನೆ ಮಂಗಳವ್ವನ ಬಗಲಲ್ಲಿ ಕೂತು ಅರ್ಧ ಊರು ಸುತ್ತಿ ಬರುತ್ತಿದ್ದಳು. ಚಾಟಿಯಿಂದ ಚಟ್ಟನೆ ಮೈ ಹೊಡೆದುಕೊಳ್ಳುವ ದುರುಗಮುರುಗಿಯವನಿಗೂ ಕೈ ಬೀಸಿ ಟಾಟಾ ಮಾಡುತ್ತಿದ್ದಳು. ಅಪ್ಪ ಕೈ ಚಾಚಿದರೆ ಮಾತ್ರ ಬಡಿಗೆಯಂತೆ ಸೆಟೆದು ನಿಂತು, ಮೂರು ಓಣಿಗೆ ಕೇಳುವ ಹಾಗೆ ರಾಗ ತೆಗೆಯುತ್ತಿದ್ದಳು.

ತಪ್ಪು ಕೂಸಿನದಲ್ಲ. ಚನ್ನೇಶನದು ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಹೊಸ ಕಾಯಿ ಬರಲು ಶುರುವಾಯಿತೆಂದರೆ ಬೇಸಿಗೆ ಮುಗಿಯುವ ತನಕ ಅವನ ಮೈ, ಮೀಸೆ, ಕಿವಿಯ ಸಂದಿ ಎಲ್ಲ ಕೆಂಪು. ಎರಡು ಸಲ ಸ್ನಾನ ಮಾಡಿದರೂ ಘಾಟು ಚರ್ಮ ಬಿಡದು. ಹೊರಗಿನಿಂದ ಬರುವಾಗ ಮಲ್ಲಿಗೆ ತರುವ ಗಂಡಸರಿದ್ದಾರೆ, ಮಿಠಾಯಿ ತರುವವರಿದ್ದಾರೆ. ಚನ್ನೇಶ ಸೀನು ತರುತ್ತಿದ್ದ. ಎತ್ತಿಕೊಂಡರೆ ಸಾಕು, ಕೂಸು ಸಾಲಾಗಿ ಏಳು ಸೀನು ಸೀನಿ, ಎಂಟನೆಯದಕ್ಕೆ ಅಳಲು ಹಿಡಿಯುತ್ತಿತ್ತು. ಅವನಿಗೆ ಅವಳು ಇಟ್ಟ ಹೆಸರು "ಆಕ್ಷಿ ಅಪ್ಪ".

"ನನ್ನ ಮಗಳು ನನ್ನ ಕಂಡ್ರ ಸಾಲ ಕೊಟ್ಟಾಂವನ್ನ ಕಂಡಂಗ ಮಾಡ್ತಾಳ," ಎಂದು ಚನ್ನೇಶ ಊಟಕ್ಕೆ ಕೂತಾಗೆಲ್ಲ ಹೆಂಡತಿಯ ಮುಂದೆ ಗೋಳು ಹೇಳುತ್ತಿದ್ದ.

"ಹಂಗ ಮಾಡಿದ್ರ ಚಲೋ ಇತ್ತು," ಅನ್ನುತ್ತಿದ್ದಳು ಶೈಲಾ. "ಸಾಲ ಕೊಟ್ಟಾಂವ ಬಂದ್ರ ನೀವು ನಕ್ಕೊಂತ ಕುಂದ್ರಸ್ತೀರಿ."

ಇಂಥ ಹೊತ್ತಿನಲ್ಲಿ ಬಂತು ಕ್ರಿಸ್‌ಮಸ್ಸು. (ಮೊಬೈಲು ಇನ್ನೂ ಎದೆ ಜೇಬಿನಿಂದ ಅರ್ಧ ಹೊರಗೆ ಕಾಣುವ ಹಾಗೆ ಇಟ್ಟುಕೊಳ್ಳಬೇಕಾದ ಆಭರಣವಾಗಿದ್ದ ಕಾಲವದು.) ಚನ್ನೇಶನ ವಂಶದಲ್ಲಿ ಯಾರೂ ಆ ಹಬ್ಬ ಮಾಡಿದವರಲ್ಲ. ಆದರೆ ಕಾವ್ಯಾ ಹೋಗುವ ಪ್ಲೇ ಹೋಮಿನ ಪುಷ್ಪಲತಾ ಟೀಚರ್ ಮಕ್ಕಳಿಗೆ ಒಂದು ಕಥೆ ಹೇಳಿಬಿಟ್ಟಿದ್ದರು: ಕೆಂಪಂಗಿ, ಬಿಳಿ ಗಡ್ಡದ ಒಬ್ಬ ಅಜ್ಜ, ಹೆಗಲ ಮೇಲೆ ಚೀಲ, ಚೀಲದ ತುಂಬ ಆಟಿಕೆ ಸಾಮಾನು. ಅವತ್ತಿನಿಂದ ಕೂಸಿಗೆ ಒಂದೇ ಜಪ. ಹಲ್ಲು ತಿಕ್ಕಿಸುವಾಗ "ಅಜ್ಜ ಬತ್ತಾನ?", ತುತ್ತು ಇಡುವಾಗ "ಅಜ್ಜ ಬತ್ತಾನ?", ಕೂಸಿನ ಕುಂಡಿ ತೊಳೆಸುವಾಗಲೂ ಅದೇ ಪ್ರಶ್ನೆ.

ಚನ್ನೇಶನ ತಲೆಯಲ್ಲಿ ಬೆಳಕು ಹರಿಯಿತು. "ಶೈಲಾ, ಅಜ್ಜ ನಾನ ಆಗ್ತೇನಿ. ಮೊದಲ ಗಡ್ಡ ಕಟ್ಕೊಂಡು ಮಗಳ ಮನಸು ಗೆಲ್ತೇನಿ. ಆಮ್ಯಾಲ ಗಡ್ಡ ತಗದು, ಏ ಇಲ್ನೋಡ, ಅಪ್ಪ ಅಂತೇನಿ. ಅಲ್ಲಿಗೆ ಕೆಲಸ ಫತೇ."

"ಕೂಸು ಅಂಜಿ ಜ್ವರ ಬಂದು ಮಲಗಿದ್ರ?"

"ದುರುಗಮುರುಗಿಯವಗ ಅಂಜದ ಕೂಸು ನನಗ ಅಂಜ್ತೈತೇನ?"

"ಅಂವಗ ಅಂಜಂಗಿಲ್ಲ. ನಿಮಗ ಅಂಜ್ತೈತಿ. ಅದಽ ಅಲ್ಲೇನ್ರಿ ನಿಮ್ಮ ಗೋಳು?"

ಚನ್ನೇಶನ ತಾಯಿ ಭರಮವ್ವನಿಗೆ ಹಬ್ಬದ ಮೂಲ ಕಾರಣ ತಿಳಿಸಿದಾಗ ಮುದುಕಿ ಸೆರಗು ಬಿಗಿದು ಎದ್ದೇ ನಿಂತಳು. "ಕೂಸು ಹುಟ್ಟಿದ ಹಬ್ಬ ಅಂದ್ರ ತೊಟ್ಟಿಲಾ ಕಟ್ಟಬೇಕೋ ತಮ್ಮಾ. ಗಡ್ಡದಾಂವಂದು ಏನ ಕೆಲಸ ಅಲ್ಲಿ? ಪಾಪ, ಥಂಡ್ಯಾಗ ದನದ ಕೊಟ್ಟಿಗ್ಯಾಗ ಹಡದಾಳ ಅಂತೀ. ಬಾಣಂತಿಗೆ ಅಂಟಿನ ಉಂಡಿ ಯಾರರ ಕೊಟ್ರೋ ಇಲ್ಲೋ?"

"ಮೂರು ಮಂದಿ ಶಾಣ್ಯಾರು ಬಂದಿದ್ರಂತ ಬೇ. ಬಂಗಾರಾ, ಧೂಪಾ ಕೊಟ್ಟು ಹೋದ್ರಂತ."

"ಗಂಡಸ್ರು," ಅಂದಳು ಭರಮವ್ವ. ಅದರಲ್ಲಿ ಎಲ್ಲ ಬಂತು. ಮರುದಿನವೇ ಒಣಕೊಬ್ಬರಿ, ಉತ್ತತ್ತಿ, ಅಂಟು ತರಿಸಿ ಉಂಡಿ ಕಟ್ಟಲು ಕೂತಳು. ಎರಡು ಸಾವಿರ ವರ್ಷ ತಡವಾದರೂ ಬಾಣಂತಿಯ ಹೆಸರಿನಲ್ಲಿ ನಾಲ್ಕು ಉಂಡಿ ದೇವರ ಜಗುಲಿ ಏರಿದವು. ಉಳಿದವನ್ನು ಮನೆಯವರು ತಿಂದರು.

ಗಿಡವೂ ಬೇಕೆಂದರು ಟೀಚರ್. ಹಿತ್ತಲ ಕುಂಡದಲ್ಲಿದ್ದ ಕರಿಬೇವಿನ ಗಿಡವನ್ನು ಪಡಸಾಲೆಗೆ ತಂದು, ಗಣಪತಿ ಹಬ್ಬದ ಮಿಣುಕು ದೀಪದ ಸರ ಸುತ್ತಿದರು. ನೋಡಲು ಬಂದ ಮಂಗಳವ್ವ "ಭಾಳ ಚಂದ ಆಗೇತಿ" ಎಂದು ಹೊಗಳಿ, ಹೋಗುವಾಗ ಒಗ್ಗರಣೆಗೆ ಎರಡು ಎಸಳು ಹರಿದುಕೊಂಡು ಹೋದಳು. ಶೈಲಾ ದಿನಾ ಸಾರಿಗೆ ನಾಲ್ಕು ಹರಿದಳು. ಹಬ್ಬ ಹತ್ತಿರ ಬಂದಂತೆ ಗಿಡ ಸನ್ಯಾಸಿಯಾಗುತ್ತ ಬಂತು. ಕಡೆಗೆ ದೀಪದ ಸರ ಕಡ್ಡಿಗಳಿಗೆ ಸುತ್ತಿಕೊಂಡು ಮಿಣುಕುತ್ತಿತ್ತು.

ಗಡ್ಡದ ಕೆಲಸ ಚನ್ನೇಶ ಸ್ವತಃ ವಹಿಸಿಕೊಂಡ. ರಾಣೆಬೆನ್ನೂರಿಗೆ ಹೋದಾಗ ಗಾದಿ ಹೊಲಿಯುವವನ ಹತ್ತಿರ ಹಿಂಜಿದ ಹತ್ತಿ ತಂದು, ಹಳೆ ಬನಿಯನ್ ತುಂಡಿಗೆ ಹಚ್ಚಿ, ಕಿವಿಗೆ ಸಿಕ್ಕಿಸಲು ಇಲಾಸ್ಟಿಕ್ ಹೊಲಿಸಿದ. ಕೆಂಪಂಗಿಗೆ ಮನೆಯಲ್ಲೇ ಪರಿಹಾರವಿತ್ತು. ಮದುವೆಯಾದ ಹೊಸದರಲ್ಲಿ ಚನ್ನೇಶ ಹಾವೇರಿಯಿಂದ ಒಂದು ಕಡುಗೆಂಪು ನೈಟಿ ತಂದಿದ್ದ. ಅತ್ತೆ ಇರುವ ಮನೆಯಲ್ಲಿ ಅದನ್ನು ತೊಡುವ ಧೈರ್ಯ ಶೈಲಾಗೆ ಬಂದಿರಲಿಲ್ಲ. ಐದು ವರ್ಷದ ನಂತರ ಅದನ್ನು ತೊಡುವ ಯೋಗ ತಂದವನಿಗೇ ಬಂತು.

ಉಳಿದದ್ದು ಚೀಲ. ಬ್ಯಾಡಗಿಯಲ್ಲಿ ಚೀಲಕ್ಕೆ ಬರವೇ? ಅಂಗಡಿಯಲ್ಲಿದ್ದ ಒಂದು ಖಾಲಿ ಚೀಲವನ್ನು ಚನ್ನೇಶ ಮೂರು ಸಲ ಕೊಡವಿ, ಒಳಗೆ ತಲೆ ಹಾಕಿ ಮೂಸಿ ನೋಡಿದ. ಏನೂ ವಾಸನೆ ಬರಲಿಲ್ಲ. ಇಪ್ಪತ್ತು ವರ್ಷ ಮೆಣಸಿನಕಾಯಿ ರಾಶಿಯಲ್ಲಿ ಕೂತ ಮೂಗಿಗೆ ಏನು ಬಂದೀತು? ಅಂಥ ಮೂಗಿನ ಸಾಕ್ಷಿಯನ್ನು ಯಾವ ಕೋರ್ಟೂ ಒಪ್ಪದು. ಚನ್ನೇಶ ಒಪ್ಪಿದ.

ಆ ವರ್ಷ ಕ್ರಿಸ್‌ಮಸ್ ಗುರುವಾರ, ಮಾರ್ಕೆಟ್ ದಿನವೇ ಬಂದಿತ್ತು. ಸಂಜೆ ಏಳಕ್ಕೆ ಅಂಗಡಿಯಿಂದ ಓಡಿ ಬಂದು, ಹಿತ್ತಲಲ್ಲಿ ವೇಷ ಕಟ್ಟಿ, ಹಿಂದಿನ ಬಾಗಿಲಿನಿಂದ ಅಜ್ಜ ಪಡಸಾಲೆಗೆ ಪಾದಾರ್ಪಣೆ ಮಾಡಿದ. ಭರಮವ್ವನಿಗೆ ಎಲ್ಲ ಗೊತ್ತಿದ್ದರೂ ಅಭ್ಯಾಸಬಲದಿಂದ ಕೈ ಮುಗಿದಳು. ಕಾವ್ಯಾ ತಾಯಿಯ ಸೆರಗಿನ ಹಿಂದೆ ಸರಿದು ಒಂದೇ ಕಣ್ಣಿನಿಂದ ನೋಡಿದಳು.

ಅಜ್ಜ ಜಾದೂಗಾರನ ಹಾಗೆ ಚೀಲವನ್ನು ಎತ್ತಿ, ತಲೆಕೆಳಗು ಮಾಡಿ, ಜೋರಾಗಿ ಒಮ್ಮೆ ಜಾಡಿಸಿದ. ಬಲೂನು, ಚೆಂಡು, ಪೀಪಿ ಬಿದ್ದವು. ಅವುಗಳ ಹಿಂದೆಯೇ, ಕೆಂಪು ಮೋಡದ ಹಾಗೆ, ಹೋದ ವರ್ಷದ ಮೆಣಸಿನಕಾಯಿಯ ಧೂಳು ಇಳಿಯಿತು.

ಮೊದಲು ಭರಮವ್ವ ಸೀನಿದಳು. ಆಮೇಲೆ ಶೈಲಾ, ಒಂದರ ಮೇಲೊಂದು. ಘಾಟನ್ನೇ ಉಂಡು ಬೆಳೆದ ಚನ್ನೇಶನೂ ಹತ್ತಿಯ ಎಳೆ ಮೂಗಿಗೆ ಹೋಗಿ ಸೀನಿದ. ಸೀನಿದಾಗಲೆಲ್ಲ ಗಡ್ಡ ಒಂದು ಗೇಣು ಮುಂದೆ ಹಾರಿ, ಇಲಾಸ್ಟಿಕ್ಕು ಎಳೆದು, ಫಟ್ಟನೆ ಬಂದು ಮುಖಕ್ಕೆ ಬಡಿಯುತ್ತಿತ್ತು.

ಮುಗೀತು, ಕೂಸು ಇನ್ನು ಈ ಜನ್ಮದಲ್ಲಿ ಹತ್ತಿರ ಬರೋದಿಲ್ಲ ಎಂದು ಚನ್ನೇಶ ಕಣ್ಣೀರು ಒರೆಸಿಕೊಳ್ಳುವಷ್ಟರಲ್ಲಿ ಶೈಲಾಳ ಸೆರಗಿನ ಹಿಂದಿನಿಂದ ಒಂದು ಸಣ್ಣ ಸದ್ದು ಬಂತು. ಕಾವ್ಯಾ ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ನೆಲದ ಮೇಲೆ ಕುಳಿತು ನಗುತ್ತಿದ್ದಳು. "ಅಜ್ಜಾ, ಇನ್ನೊಮ್ಮಿ."

ಅಜ್ಜ ಇನ್ನೊಮ್ಮೆ ಸೀನಿದ. ಗಡ್ಡ ಹಾರಿತು. ಕೂಸು ಎದ್ದು ಬಂದು ತೊಡೆಯೇರಿತು. ಘಾಟು ಅದೇ, ತೊಡೆ ಅದೇ. ಅವಳೂ ಏಳು ಸಲ ಸೀನಿದಳು, ಎಂಟನೆಯದಕ್ಕೆ ಚಪ್ಪಾಳೆ ತಟ್ಟಿದಳು. ಆಗ ಚನ್ನೇಶನ ಕಣ್ಣಿನಿಂದ ಇಳಿದ ನೀರಿನಲ್ಲಿ ಖಾರ ಎಷ್ಟು, ಸಂತೋಷ ಎಷ್ಟು ಎಂದು ಅವನಿಗೂ ಹೇಳಲಾಗುತ್ತಿರಲಿಲ್ಲ.

ಗೆದ್ದ ಹುಮ್ಮಸ್ಸಿನಲ್ಲಿ ಗಡ್ಡ ಕೆಳಗೆಳೆದ. "ಇಲ್ನೋಡ ಪುಟ್ಟೀ. ಅಪ್ಪ."

ಕೂಸು ನೋಡಿತು. ಬಡಿಗೆಯಾಯಿತು. ಮೂರು ಓಣಿಗೆ ಕೇಳಿಸಿತು. "ಅಜ್ಜ ಬೇಕು. ಅಪ್ಪ ಬ್ಯಾಡ. ಅಪ್ಪ ಅಜ್ಜನ್ನ ಓಡ್ಸಿದಾ."

"ಹಿತ್ತಲಕ್ಕ ಹೋಗಿ ಅಜ್ಜನ್ನ ಕಳಸ್ರಿ ಮೊದಲ," ಅಂದಳು ಶೈಲಾ, ಮೂಗು ಒರೆಸುತ್ತ. "ಅಂವಗರ ಒಂದೀಟು ತಿಳುವಳಿಕಿ ಐತಿ."

ಅವತ್ತಿನಿಂದ ಚನ್ನೇಶನಿಗೆ ದಿನಾ ಸಂಜೆ ಏಳಕ್ಕೆ ಡ್ಯೂಟಿ. ಹಿತ್ತಲಿನಿಂದ ಬರಬೇಕು, ನೈಟಿ ತೊಟ್ಟಿರಬೇಕು, ಗಡ್ಡ ಸರಿಸಿ ತುತ್ತು ಬಾಯಿಗೆ ಹಾಕಿಕೊಳ್ಳಬೇಕು. ಕೂಸು ಅವನ ತೊಡೆಯ ಮೇಲೆ ಕೂತು ಉಣ್ಣುತ್ತಿತ್ತು. ಗುಟ್ಟು ಹೇಳುತ್ತಿತ್ತು. ಗುಟ್ಟುಗಳಲ್ಲಿ ಹೆಚ್ಚಿನವು ಅಪ್ಪನ ಮೇಲಿನ ಚಾಡಿ. "ಅಪ್ಪ ಆಕ್ಷಿ. ನೀ ಅಪ್ಪಗ ಹೊಡಿ, ಅಜ್ಜ." ಅಜ್ಜ ಹೂಂ ಅನ್ನುತ್ತಿದ್ದ. ತನ್ನ ಮೇಲೆ ತಾನೇ ಹೊಟ್ಟೆಕಿಚ್ಚು ಪಡುವ ಸ್ಥಿತಿ ಬೇರೆ ಯಾವ ಗಂಡಸಿಗೂ ಬಾರದಿರಲಿ. ಹೆಂಡತಿಯೂ ಕಮ್ಮಿಯಿಲ್ಲ. "ಅಜ್ಜಾರ, ಇನ್ನೊಂದು ರೊಟ್ಟಿ ಹಾಕ್ಲ್ಯಾ?" ಎಂದು, ಗಂಡನಿಗೆ ಐದು ವರ್ಷದಲ್ಲಿ ಒಮ್ಮೆಯೂ ಕೇಳಿಸದ ಮೆತ್ತನೆಯ ದನಿಯಲ್ಲಿ ಕೇಳಿ ನಗುತ್ತಿದ್ದಳು.

ಇದೆಲ್ಲ ಮನೆಯೊಳಗಿನ ಮಾತು. ಆದರೆ ಕಾವ್ಯಾ ಮಧ್ಯಾಹ್ನವೆಲ್ಲ ಇರುತ್ತಿದ್ದದ್ದು ಮಂಗಳವ್ವನ ಬಗಲಲ್ಲಿ.

"ಅಜ್ಜ ದಿನಾ ಬತ್ತಾನ," ಎಂದಿತು ಕೂಸು. "ಅಪ್ಪ ಇಲ್ಲ. ಅವ್ವ ನಗ್ತಾಳ."

ಮಂಗಳವ್ವ ಒಳ್ಳೆಯ ಹೆಂಗಸು. ಕೇಳಿದ ಮಾತನ್ನು ಕಣ್ಣಾರೆ ನೋಡದೆ ನಂಬುವವಳಲ್ಲ. ಅವತ್ತೇ ಸಂಜೆ ಹಿತ್ತಲ ಗೋಡೆಯ ಮೇಲಿಂದ ನೋಡಿದಳು. ಬಿಳಿ ಗಡ್ಡದ ಒಬ್ಬ ಮುದುಕ, ಹೆಣ್ಣುಮಕ್ಕಳ ನೈಟಿಯಲ್ಲಿ, ಹಿಂದಿನ ಬಾಗಿಲಿನಿಂದ ಒಳಗೆ ಹೋದ. ಒಳಗೆ ಶೈಲಾ ನಕ್ಕಳು. ಮಂಗಳವ್ವ ಈ ಮಾತನ್ನು ಯಾರಿಗೂ ಹೇಳಬಾರದೆಂದು ಆಣೆ ಮಾಡಿಕೊಂಡಳು. ಆ ಆಣೆಯನ್ನೂ ಸೇರಿಸಿ ಹಿಟ್ಟಿನ ಗಿರಣಿಯಲ್ಲಿ ಹೇಳಿದಳು.

ಸಂಕ್ರಾಂತಿಯ ಹೊತ್ತಿಗೆ ಮಾರ್ಕೆಟ್ಟಿನಲ್ಲಿ ಚನ್ನೇಶನ ಮರ್ಯಾದೆ ಏಕಾಏಕಿ ಹೆಚ್ಚಿತು. ಹಮಾಲರು ಅವನನ್ನು ಕಂಡರೆ ಬೀಡಿ ಹಿಂದೆ ಸರಿಸುತ್ತಿದ್ದರು. ಯಾರೋ ಕರೆದು ಚಹಾ ಕುಡಿಸುತ್ತಿದ್ದರು, ಯಾರೋ ಬೆನ್ನು ಸವರುತ್ತಿದ್ದರು. ಒಂದು ಸೋಮವಾರ ಪಕ್ಕದ ಅಂಗಡಿಯ ಹಿರಿಯ ಮಾಲತೇಶಪ್ಪ ಅವನನ್ನು ಕಾಯಿ ರಾಶಿಯ ಮರೆಗೆ ಕರೆದು ಕುಳ್ಳಿರಿಸಿದ.

"ತಮ್ಮಾ, ಅಂಗಡಿ ಬಾಗಲಾ ಕಾಯ್ಕೊಂತ ಕುಂತೀ. ಹಿತ್ತಲ ಬಾಗಲಾ ಯಾರು ಕಾಯ್ತಾರ?"

"ಹಿತ್ತಲದಾಗ ಏನೈತ್ರಿ ಕಾಕಾ? ಒಂದು ಕರಿಬೇವಿತ್ತು. ಅದೂ ಹೋತು."

"ಮುದುಕ ಅಂತ ಅಂವ. ನನಗಿಂತ ವಯಸ್ಸಿನ್ಯಾಗ ಹಿರಿಯಾಂವ ಅಂತ. ಹರೇದಾಂವ ಇದ್ದಿದ್ರ ತಿಳ್ಕೊಬೌದಿತ್ತು." ಮಾಲತೇಶಪ್ಪ ನಿಟ್ಟುಸಿರು ಬಿಟ್ಟ.

ಇಷ್ಟು ದಿನದ ಚಹಾದ ಅರ್ಥ ಚನ್ನೇಶನಿಗೆ ಈಗ ಹೊಳೆಯಿತು. "ಕಾಕಾ, ಆ ಮುದುಕ ನಾನಽರಿ."

ಮಾಲತೇಶಪ್ಪನ ಕಣ್ಣು ತುಂಬಿ ಬಂತು. "ಹೆಂಡ್ತಿ ಮಾನಾ ಮುಚ್ಚಾಕ ಇಷ್ಟು ಮಾತಾಡ್ತಿ ಅಂದ್ರ ನೀ ದೇವರಂಥಾ ಮನಷ್ಯಾ."

"ಅಲ್ರಿ, ಖರೇನಽ ನಾನಽ."

"ನೈಟಿ ಹಾಕ್ಕೊಂಡು ಬರ್ತಾನಂತಲ್ಲೋ."

"ಅದೂ ನಾನಽರಿ."

ಮಾತು ಕೇಳಿ ಸುತ್ತ ಸೇರಿದ್ದ ಹಮಾಲರು ಒಬ್ಬರ ಮುಖ ಒಬ್ಬರು ನೋಡಿದರು. ದುಃಖಕ್ಕೆ ಬುದ್ಧಿ ಕೆಟ್ಟಿದೆ ಎಂಬ ತೀರ್ಮಾನ ಮೌನದಲ್ಲೇ ಅಂಗೀಕಾರವಾಯಿತು.

ಅಷ್ಟರಲ್ಲಿ ಕಾಯಿ ರಾಶಿಗಳ ನಡುವೆ ದಾರಿ ಬಿಡಿಸಿಕೊಂಡು ಶೈಲಾ ಬಂದಳು. ಕಂಕುಳಲ್ಲಿ ಕಾವ್ಯಾ, ಕೈಯಲ್ಲಿ ಕ್ಯಾರಿ ಬ್ಯಾಗು. ಗಿರಣಿಗೆ ಜೋಳ ಹಾಕಲು ಹೋಗಿ ತನ್ನ ಕಥೆಯನ್ನು ತಾನೇ ಕೇಳಿ ಬಂದಿದ್ದಳು. ಬ್ಯಾಗಿನಿಂದ ಗಡ್ಡ ತೆಗೆದು ಗಂಡನ ಮುಂದೆ ಹಿಡಿದಳು.

"ಹಾಕ್ಕೋರಿ."

"ಇಲ್ಲೇ?"

"ಇಲ್ಲೇ. ಎಲ್ಲಾರ ಮುಂದ. ಇಲ್ಲಂದ್ರ ಸಂಜಿ ಬಸ್ಸಿಗೆ ನಾ ಕುಪ್ಪೇಲೂರಿಗೆ, ನಮ್ಮ ಅವ್ವನ ಮನಿಗೆ."

ಚನ್ನೇಶ ಮಗಳ ಕಡೆ ನೋಡಿದ. ಇವಳ ಕಣ್ಣೆದುರಿಗೇ ಗಡ್ಡ ಕಟ್ಟಿದರೆ ಅಜ್ಜ ಇವತ್ತೇ ಸತ್ತ ಹಾಗೆ. ತೊಡೆಯ ಮೇಲಿನ ಊಟ, ಕಿವಿಯಲ್ಲಿನ ಗುಟ್ಟು, ಎಲ್ಲ ಇಲ್ಲಿಗೆ ಮುಗಿಯಿತು. "ಪುಟ್ಟಿ ನೋಡ್ತಾಳಲ್ಲ," ಅಂದ ಸಣ್ಣ ದನಿಯಲ್ಲಿ.

"ಊರು ನೋಡೇತಿ. ಆಕಿನೂ ನೋಡ್ಲಿ."

ಚನ್ನೇಶ ಗಡ್ಡ ಕಟ್ಟಿದ. ಮಾರ್ಕೆಟ್ಟಿನಲ್ಲಿ ಎದ್ದ ನಗೆಗೆ ತಗಡಿನ ಮಾಡು ನಡುಗಿತು. ತೂಕ ಮಾಡುವವನು ತಕ್ಕಡಿ ಬಿಟ್ಟು ಕೆಳಗೆ ಕೂತ.

ಕಾವ್ಯಾ ನಗಲಿಲ್ಲ. ಗಡ್ಡದ ಮೇಲಿನ ಕಣ್ಣು ನೋಡಿದಳು, ಗಡ್ಡದ ಕೆಳಗಿನ ಅಪ್ಪನ ಅಂಗಿ ನೋಡಿದಳು. ಆಮೇಲೆ ಕೈ ಚಾಚಿದಳು. ಇಡೀ ಬ್ಯಾಡಗಿ ನೋಡುತ್ತಿರುವಾಗ ಚನ್ನೇಶ ಮಗಳನ್ನು ಎತ್ತಿಕೊಂಡ. ಅವಳು ಗಡ್ಡ ಕೆಳಗೆಳೆದಳು. ಮೇಲೇರಿಸಿದಳು. ಮತ್ತೆ ಎಳೆದಳು. ಅಳಲಿಲ್ಲ.

"ಅಪ್ಪ," ಅಂದ ಚನ್ನೇಶ.

"ಅಪ್ಪ," ಎಂದು ಒಪ್ಪಿಕೊಂಡಳು ಕಾವ್ಯಾ.

ಚನ್ನೇಶನ ಎದೆ ಕಾಯಿ ಚೀಲದ ಹಾಗೆ ಉಬ್ಬಿತು. ಅದು ಉಬ್ಬಿ ಪೂರ್ತಿಯಾಗುವ ಮೊದಲೇ ಕೂಸು ಗಡ್ಡವನ್ನು ಅವನ ಕಿವಿಯಿಂದ ಬಿಡಿಸಿ ತನ್ನ ಕೈಗೆ ತೆಗೆದುಕೊಂಡಿತು. ಅಜ್ಜ ಇರುವುದು ಗಡ್ಡದಲ್ಲಿ ಎಂಬ ತತ್ವ ಅದಕ್ಕೆ ಹೊಳೆದುಬಿಟ್ಟಿತ್ತು. ಸುತ್ತಲೂ ಒಮ್ಮೆ ಕಣ್ಣಾಡಿಸಿ, ಸರಿಯಾಗಿ ನೋಡಲೆಂದು ಮುಂದೆ ಬಾಗಿದ್ದ ಮಾಲತೇಶಪ್ಪನ ಕಿವಿಗೆ ಒಂದಾದ ಮೇಲೊಂದು ಇಲಾಸ್ಟಿಕ್ ಸಿಕ್ಕಿಸಿ, ಕೈ ತಟ್ಟಿ, "ಅಜ್ಜ" ಅಂದು ಅಪ್ಪನ ತೋಳಿನಿಂದ ಮುದುಕನ ತೋಳಿಗೆ ಹಾರಿತು.

ಮಾಲತೇಶಪ್ಪ ಬೀಳದಂತೆ ಹಿಡಿದುಕೊಂಡ. ಕೂಸು ಅವನ ಕುತ್ತಿಗೆ ಬಳಸಿ, ಕಿವಿಯಲ್ಲಿ ಅಪ್ಪನ ಮೇಲೊಂದು ಚಾಡಿ ಹೇಳಿತು. ಮುದುಕ ಹತ್ತಿಯೊಳಗೇ ಕರಗಿಹೋದ. ಚನ್ನೇಶನ ಕಡೆ ತಿರುಗಿಯೂ ನೋಡದೆ ಶೈಲಾಳನ್ನು ಕೇಳಿದ.

"ತಂಗೀ, ದಿನಾ ಎಷ್ಟಕ್ಕ ಬರಬೇಕವಾ ನಾ ಮನಿಗೆ?"

"ಏಳಕ್ಕ ಬರ್ರಿ ಕಾಕಾ," ಅಂದಳು ಶೈಲಾ. "ಮುಂದಿನ ಬಾಗಲದಿಂದ ಬರ್ರಿ."